ಕೊನೆಯ ಪ್ರಶ್ನೆಗೆ ಸುಮ್ಮನಿರಬೇಕು

ಹುಡುಗನಾಗಿದ್ದಾಗ ಕೊನೆಯ ಬೆಂಚು ನನಗೆ ಶಿಕ್ಷೆಯಾಗಿತ್ತು. ಈಗ ಅದೇ ನನ್ನ ಉದ್ಯೋಗ. ಜಮಖಂಡಿಯಲ್ಲಿ ಬಿ.ಎಡ್. ಓದುವವರಿಗೆ ಪಾಠ ಮಾಡುವುದನ್ನು ಕಲಿಸುವ ಮಾಸ್ತರ ನಾನು. ವಿಶ್ವವಿದ್ಯಾಲಯ ಮಾಡಿಸಿದ ಒಪ್ಪಂದದಂತೆ ನಮ್ಮ ವಿದ್ಯಾರ್ಥಿಗಳು ಸುತ್ತಲಿನ ಶಾಲೆಗಳಿಗೆ ಹೋಗಿ ಕೆಲವು ವಾರ ಪಾಠ ಮಾಡುತ್ತಾರೆ. ನಾನು ಹಿಂದೆ ಕುಳಿತು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಹಿಡಿಸದೆ ಒದ್ದಾಡುತ್ತ, ಅಂಕ ಹಾಕುತ್ತೇನೆ.

ನಮ್ಮ ಪಾಠಕ್ಕೊಂದು ಶಾಸ್ತ್ರವಿದೆ. ನೇರವಾಗಿ ವಿಷಯಕ್ಕೆ ಬರಬಾರದು. ಮೊದಲು ಗೊತ್ತಿರುವ ಸಂಗತಿಗಳನ್ನೇ ಕೇಳಬೇಕು. ಕೊನೆಯ ಪ್ರಶ್ನೆಗೆ ಮಾತ್ರ ಮಕ್ಕಳಿಗೆ ಉತ್ತರ ತಿಳಿಯಬಾರದು. ಅವರು ಸುಮ್ಮನಾದ ಕೂಡಲೇ ಬೋರ್ಡಿನ ಮೇಲೆ ಪಾಠದ ಹೆಸರು ಬರೆಯಬೇಕು. ಅಜ್ಞಾನಕ್ಕೆ ಇಷ್ಟು ಮರ್ಯಾದೆ ಸಿಗುವ ಜಾಗ ಇನ್ನೊಂದಿಲ್ಲ ಎಂದು ನಾನು ಪ್ರತಿವರ್ಷ ನಮ್ಮ ವಿದ್ಯಾರ್ಥಿಗಳನ್ನು ನಗಿಸುತ್ತಿದ್ದೆ. ಈಗ ಆ ಮಾತಿಗೆ ನನಗೇ ನಗು ಬರುವುದಿಲ್ಲ.

ಈ ಸಲ ನಮ್ಮ ವಿದ್ಯಾರ್ಥಿನಿ ಸವಿತಾ ರಬಕವಿಯ ಒಂದು ಶಾಲೆಯಲ್ಲಿ ಒಂಬತ್ತನೆಯ ತರಗತಿಗೆ ವಿಜ್ಞಾನ ಹೇಳುತ್ತಿದ್ದಳು. ಅಲ್ಲಿ ಆ ವಿಷಯಕ್ಕೆ ಶಿಕ್ಷಕರೇ ಇಲ್ಲ. ಕಲಿಯಲು ಹೋದವಳೇ ಕಲಿಸುವವಳು. ಅವಳಿದ್ದಷ್ಟು ದಿನ ವಿಜ್ಞಾನ. ಆಮೇಲೆ ಖಾಲಿ ಪಿರಿಯಡ್.

"ಒಗದ ಸೀರಿ ಎಲ್ಲಿ ಹಾಕ್ತೀರಿ?" ಎಂದು ಕೇಳಿದಳು.

"ಬಿಸಲಾಗ್ರೀ!"

"ಒಣಗಿದ ಮ್ಯಾಲೆ?"

"ಹಗರ ಆಗತೈತ್ರೀ!"

"ಮತ್ತ ಅದರಾಗಿನ ನೀರು ಎಲ್ಲಿ ಹೋತು?"

ಇಡೀ ತರಗತಿ ಒಮ್ಮೆಲೇ ಸುಮ್ಮನಾಯಿತು. ಪಕ್ಕದ ಓಣಿಯ ಮಗ್ಗಗಳ ಸದ್ದು ಒಳಗೆ ಬಂತು. ಸವಿತಾ ತಿರುಗಿ 'ಆವಿಯಾಗುವಿಕೆ' ಎಂದು ಬರೆದಳು. ಆ ಮೌನ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನನಗೆ ಸಂಶಯ ಬಂತು. ನನ್ನ ಪಕ್ಕ ಕುಳಿತಿದ್ದ ರೇಣುಕಾ ನೂಲಿಗೆ ಬಣ್ಣ ಹಾಕುವವರ ಮನೆಯ ಹುಡುಗಿ. ಒದ್ದೆ ನೂಲು ಒಣಗುವುದನ್ನು ದಿನವೂ ನೋಡುವವಳು.

"ಖರೇನ ಗೊತ್ತಿರಲಿಲ್ಲೇನವಾ?" ಎಂದು ಪಿಸುದನಿಯಲ್ಲಿ ಕೇಳಿದೆ.

"ಗೊತ್ತೈತ್ರೀ ಸರ್. ಕಡೀ ಪ್ರಶ್ನಿಗೆ ಸುಮ್ಮ ಇರಬೇಕ್ರೀ. ಹೋದ ವರ್ಸ ಈ ಈರಣ್ಣ ಹೇಳಿಬಿಟ್ಟ. ಪಾಠ ಕೆಟ್ಟತಂತ ಆ ಟೀಚರ್ ಹೊರಗ ಹೋಗಿ ಅತ್ತರ್ರೀ."

ಮುಂದಿನ ಬೆಂಚಿನ ಈರಣ್ಣ ಹೊರಳಿ ನೋಡಿದ. "ಒಮ್ಮೆ ತಪ್ಪಿದ್ದಕ್ಕ ಎಷ್ಟ ಸಲ ಅಂತಿ ಬೇ!"

ಸರಿಯಾದ ಉತ್ತರ ಕೊಟ್ಟದ್ದನ್ನು ಅವನು ತಪ್ಪೆಂದೇ ನಂಬಿದ್ದ. ಹೆದರಿಕೆಯ ಮೌನ, ಯೋಚನೆಯ ಮೌನ ಎಂದೆಲ್ಲ ನಾನೇ ಪಾಠ ಹೇಳಿದ್ದೇನೆ. ದಾಕ್ಷಿಣ್ಯದ ಮೌನವೊಂದಿದೆ ಎಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ನಾವು ಈ ಮಕ್ಕಳ ಮೇಲೆ ಅಭ್ಯಾಸ ಮಾಡಿಕೊಳ್ಳುತ್ತಿದ್ದೆವು. ಅವರು ನಮ್ಮವರನ್ನು ವರ್ಷವರ್ಷವೂ ಕೈಹಿಡಿದು ಪಾಸು ಮಾಡಿಸುತ್ತಿದ್ದರು. ಸವಿತಾಳಿಗೆ ಅಂಕ ಹಾಕಬೇಕಾದ ಪೆನ್ನು ಬಹಳ ಹೊತ್ತು ನನ್ನ ಕೈಯಲ್ಲೇ ಉಳಿಯಿತು.

ಅವಳ ಕೊನೆಯ ದಿನವೂ ಹೋಗಿದ್ದೆ. ಗೋಡೆಗೆ ಹಚ್ಚಿದ್ದ ಚಿತ್ರಗಳನ್ನು ಬಿಚ್ಚಿ, ಬೋರ್ಡು ಒರೆಸಿ, ಅವಳು ಬಾಗಿಲ ಬಳಿ ನಿಂತಿದ್ದಳು. ರೇಣುಕಾ ಎದ್ದು ನನ್ನನ್ನೇ ಕೇಳಿದಳು:

"ಸರ್, ಸೋಮವಾರದಿಂದ ವಿಜ್ಞಾನಕ್ಕ ಯಾರ ಬರ್ತಾರ್ರೀ?"

ಸವಿತಾ ನನ್ನ ಮುಖ ನೋಡಿದಳು. ಅವಳನ್ನು ಬೀಳ್ಕೊಡಲು ಬಂದಿದ್ದ ಮುಖ್ಯಾಧ್ಯಾಪಕರು ಕಿಟಕಿ ನೋಡಿದರು. ನಾನು ಸುಮ್ಮನಿದ್ದೆ. ಮಗ್ಗಗಳ ಸದ್ದು ಮತ್ತೆ ಒಳಗೆ ಬಂತು.

"ಕುಂದರ ಬೇ," ಈರಣ್ಣ ಅವಳ ತೋಳು ಜಗ್ಗಿದ. "ಸರ್‌ಗೂ ಅದು ಕಡೀ ಪ್ರಶ್ನಿ ಐತಿ."

ಯಾರೂ ನಗಲಿಲ್ಲ. ರೂಢಿಯಂತೆ ಎಲ್ಲರೂ ನೆಟ್ಟಗೆ ಕುಳಿತು ಖಾಲಿ ಬೋರ್ಡಿನತ್ತ ನೋಡತೊಡಗಿದರು. ಇನ್ನು ಯಾರಾದರೂ ಎದ್ದು ಪಾಠದ ಹೆಸರು ಬರೆಯಬೇಕಲ್ಲ!

ನಾನು ಎದ್ದೆ. ಎದ್ದದ್ದು ಜಮಖಂಡಿಯ ಬಸ್ಸಿಗೆ.