ಹಿಟ್ಟಿನಂಗಡಿಯ ಅರ್ಥಿಂಗ್

ಅಗ್ರಹಾರದ ದೋಸೆಹಿಟ್ಟಿನ ಅಂಗಡಿಯೊಂದರ ವೈರಿಂಗ್ ತಪಾಸಣೆ ಮಾಡಿ, ಸರಿಯಿದೆಯೆಂದು ಬೆಳಿಗ್ಗೆ ವರದಿಗೆ ಸಹಿ ಹಾಕಿ ಬಂದಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಕೊರೆಯತೊಡಗಿತು: ಅಲ್ಲಿ ಎಲ್ಲಾದರೂ ಅರ್ಥಿಂಗಿನ ಹಸಿರು ವೈರು ಕಂಡಿದ್ದೆನೇ?

ಸಾಕೆಟ್ಟಿಗೆ ಚುಚ್ಚಿ ನೋಡುವ ಪ್ಲಗ್ ಟೆಸ್ಟರಿನ ದೀಪಗಳೇನೋ ಸರಿಯಾಗಿಯೇ ಹೊತ್ತಿದ್ದವು. ಆದರೆ ಸಾಕೆಟ್ಟಿನೊಳಗೆ ಯಾರಾದರೂ ಕರೆಂಟು ಹಿಂತಿರುಗುವ ನ್ಯೂಟ್ರಲ್ ವೈರನ್ನೇ ಅರ್ಥಿಂಗ್ ಪಿನ್ನಿಗೆ ಜೋಡಿಸಿದ್ದರೂ ಆ ದೀಪಗಳು ಹಾಗೆಯೇ ಹೊತ್ತುತ್ತವೆ. ಮುಂದೆಂದಾದರೂ ನ್ಯೂಟ್ರಲ್ ವೈರು ಕಡಿದರೆ ಗ್ರೈಂಡರಿನ ಸ್ಟೀಲ್ ಮೈಗೇ ಕರೆಂಟು. ಹಿಟ್ಟಿರುವ ಕಡೆ ಚಪ್ಪಲಿ ತರಬಾರದೆಂಬುದು ಅಂಗಡಿಯ ನಿಯಮ. ರುಬ್ಬುವ ಹೆಂಗಸು ದಿನವಿಡೀ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿರುತ್ತಾಳೆ.

"ಮಜ್ಜಿಗೆ ಬೇಡ್ವೇನೇ?" ಎಂದು ಅಮ್ಮ ಕೇಳುವಷ್ಟರಲ್ಲಿ ನಾನು ಸ್ಕೂಟರಿನ ಕೀಲಿ ಹುಡುಕುತ್ತಿದ್ದೆ.

ಹೋದವಳೇ ಮೇನ್ ಸ್ವಿಚ್ ಆಫ್ ಮಾಡಿದೆ. ಗ್ರೈಂಡರು ನಿಂತಿತು. ಸಾಕೆಟ್ ಬಿಚ್ಚಿದರೆ, ಬೆರಳುದ್ದದ ಕಪ್ಪು ವೈರಿನ ತುಂಡು ನ್ಯೂಟ್ರಲ್ಲನ್ನೂ ಅರ್ಥಿಂಗ್ ಪಿನ್ನನ್ನೂ ಜೋಡಿಸಿತ್ತು. ಮೀಟರ್ ಬೋರ್ಡಿನ ತನಕ ಬಂದಿದ್ದ ಅರ್ಥಿಂಗನ್ನು ಇಲ್ಲಿಗೆ ಎಳೆದೇ ಇರಲಿಲ್ಲ.

ಫೋನ್ ಮಾಡಿ ಕರೆಸಿದ, ಅಂಗಡಿಯ ವೈರಿಂಗ್ ಮಾಡಿದ್ದ ವೈರ್‌ಮನ್ ಇಣುಕಿ ನೋಡಿ ನಕ್ಕರು. "ನ್ಯೂಟ್ರಲ್ಲೂ ಕೊನೆಗೆ ಭೂಮಿಗೇ ತಾನೆ ಹೋಗೋದು? ಎರಡೂ ಒಂದೇ ಕಣ್ರೀ ಮೇಡಂ. ಇಷ್ಟು ವರ್ಷದಿಂದ ಹಿಂಗೇ ಮಾಡ್ತಿದೀನಿ, ಯಾರಿಗೇನಾಗಿದೆ?"

"ನ್ಯೂಟ್ರಲ್ ಕಡಿದ ದಿನ ಆಗುತ್ತೆ," ಎಂದೆ.

ಅಂಗಡಿಯ ಯಜಮಾನಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. "ಬೆಳಿಗ್ಗೆ ಸರಿ ಇದೆ ಅಂದೋರೂ ನೀವೇ, ಈಗ ಬಂದು ಆಫ್ ಮಾಡ್ಬುಟ್ಟೋರೂ ನೀವೇ. ನೆನೆಸಿರೋ ಅಕ್ಕಿ ಉದ್ದು ನಿಮ್ಮನೇಲಿ ರುಬ್ಕೊಡ್ತೀರಾ?"

"ತಪ್ಪು ನನ್ನದು. ಸಾಕೆಟ್ ಬಿಚ್ಚಿ ನೋಡದೆ ಸಹಿ ಹಾಕಬಾರದಿತ್ತು," ಎಂದು ಬೆಳಿಗ್ಗೆ ಕೊಟ್ಟಿದ್ದ ವರದಿಯನ್ನು ಕೇಳಿ ಪಡೆದು, ನನ್ನ ಸಹಿಯ ಮೇಲೆ ಗೀಟು ಎಳೆದೆ.

ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡಿದ್ದ ರುಬ್ಬುವ ಹೆಂಗಸು ಈಗ ಯಜಮಾನಿಯತ್ತ ತಿರುಗಿದಳು. "ಜಗಳ ನೀವ್ನೀವೇ ಆಡ್ಕಳಿ ಅಕ್ಕ. ಅದು ಸರಿಯಾಗೋಗಂಟ ನಾನಂತೂ ಮುಟ್ಟಾಕಿಲ್ಲ."

ಯಜಮಾನಿ ಅವಳನ್ನೊಮ್ಮೆ, ಅಕ್ಕಿಯ ಪಾತ್ರೆಗಳನ್ನೊಮ್ಮೆ ನೋಡಿದರು. "ಇನ್ನೇನ್ ನಿಂತ್ಕಂಡ್ ನೋಡ್ತೀರಿ? ಎಳೀರಿ ಆ ಹಸ್ರು ವೈರ್ನ!" ಎಂದು ವೈರ್‌ಮನ್ ಮೇಲೆ ರೇಗಿದರು.

ಅಷ್ಟೂ ಸಾಕೆಟ್ಟುಗಳಿಗೆ ವೈರು ಎಳೆಯುವಷ್ಟರಲ್ಲಿ ಸಂಜೆಯಾಯಿತು. ಒಂದೊಂದನ್ನೂ ಬಿಚ್ಚಿಸಿ ನೋಡಿದೆ, ಮೀಟರ್ ಹಿಡಿದು ಅಳೆದೆ, ಮತ್ತೆ ಅಳೆದೆ. "ಈಗ್ಲಾದ್ರೂ ನಂಬಿಕೆ ಬಂತಾ?" ಎಂದು ಯಜಮಾನಿ ಚುಚ್ಚಿದರು. ಹೂಂ ಅಂದೆ. ಗ್ರೈಂಡರು ತಿರುಗತೊಡಗಿತು.

ಮನೆಗೆ ಬಂದರೂ ಕೂರಲಾಗಲಿಲ್ಲ. ಟೆಸ್ಟರಿನ ದೀಪಗಳನ್ನಷ್ಟೇ ನಂಬಿ ಸಹಿ ಹಾಕಿದ್ದ ಹಳೆಯ ವರದಿಗಳನ್ನು ತೆಗೆದೆ. ಮೊದಲಿಗೆ ಸಿಕ್ಕಿದ್ದು ದೇವರಾಜ ಮೊಹಲ್ಲಾದ ಒಂದು ಜ್ಯೂಸ್ ಅಂಗಡಿ. ಮಾಲೀಕರು ಫೋನ್ ಎತ್ತಿದರು. "ಮಿಷಿನ್ ಆಫ್ ಮಾಡಿಡಿ, ನಾನು ಈಗಲೇ ಬರ್ತಿದೀನಿ," ಎಂದೆ.