ಇಸೋನೊ ಅವರ ಸೊಟ್ಟ ಬಟ್ಟಲು

ಹಾಗಿ ಪಟ್ಟಣದ ನಮ್ಮ ಬೀದಿಯಲ್ಲಿ ಇಸೋನೊ ಎಂಬ ವೃದ್ಧೆಯಿದ್ದಾರೆ. ಮೀನನ್ನು ನುಣ್ಣಗೆ ಅರೆದು, ಹಲಗೆಯ ಮೇಲೆ ಮೆತ್ತಿ ಬೇಯಿಸುವ ಅಂಗಡಿಯಲ್ಲಿ ನಲವತ್ತು ವರ್ಷ ದುಡಿದವರು. ಮಧ್ಯಾಹ್ನ ಅಂಗಡಿಯಿಂದ ಬಂದೊಡನೆ ಹಸಿರು ಚಹಾಪುಡಿಗೆ ಬಿಸಿನೀರೆರೆದು, ಬಿದಿರ ಕಡೆಗೋಲಿನಿಂದ ನೊರೆಯೆಬ್ಬಿಸಿ, ಬಟ್ಟಲನ್ನು ಎರಡೂ ಕೈಗಳಿಂದ ಮೇಲೆತ್ತಿ, “ಇದನ್ನು ಕೊಟ್ಟವರಿಗೆಲ್ಲ ನಮಸ್ಕಾರ” ಎಂದು ಮೆಲ್ಲನೆ ನುಡಿದು ಕುಡಿಯುತ್ತಿದ್ದರು. ಅಷ್ಟು ಏಕಾಗ್ರವಾದ ಕೃತಜ್ಞತೆಯನ್ನು ದೇವಸನ್ನಿಧಿಯಲ್ಲಿಯೂ ನಾನು ಕಂಡದ್ದು ವಿರಳ.

ಆ ಬಟ್ಟಲು ದೊರೆತ ಬಗೆಯನ್ನು ಹೇಳಬೇಕು. ಮದುವೆಯಾದ ವರ್ಷ ಅವರು ಬೆಟ್ಟದಡಿಯ ಕುಂಬಾರ ತೋಕುಜಿಯ ಮನೆಗೆ ಮೀನು ಕೊಡಲು ಹೋಗಿದ್ದರು. ಆವಿಗೆಯಲ್ಲಿ ಸುಟ್ಟು ತೆಗೆದ ಬಟ್ಟಲುಗಳಲ್ಲಿ ಮನಸ್ಸಿಗೊಪ್ಪದ್ದನ್ನು ಆ ಮುದುಕ ಕಲ್ಲಿಗೆ ಹೊಡೆದು ಒಡೆಯುತ್ತಿದ್ದ. ಒಂದನ್ನು ಎತ್ತಿದಾಗ ಇಸೋನೊ ಅವನ ಕೈ ತಡೆದರು.

“ಬಿಡೇ, ಇದರ ಬಾಯಿ ಸೊಟ್ಟ.”

“ನನ್ನ ಮೂಗೂ ಸೊಟ್ಟಾನೇ. ನನ್ನನ್ನ ಯಾರೂ ಕಲ್ಲಿಗೆ ಹೊಡೀಲಿಲ್ಲವಲ್ಲ, ಅಜ್ಜ!”

ಮುದುಕ ನಕ್ಕು ಕೊಟ್ಟುಬಿಟ್ಟ. ಅದರ ಬದಿಯಲ್ಲಿ ಅವನ ಹೆಬ್ಬೆರಳು ಒತ್ತಿದ ಒಂದು ತಗ್ಗು ಉಳಿದಿತ್ತು.

ನಮ್ಮೂರ ಮಣ್ಣು ಸಡಿಲ. ಮೇಲಿನ ಹೊಳಪಿನಲ್ಲಿ ಕೂದಲೆಳೆಯಂಥ ಬಿರುಕುಗಳಿರುತ್ತವೆ. ಅವುಗಳೊಳಗೆ ಚಹಾ ಇಳಿದು ವರ್ಷದಿಂದ ವರ್ಷಕ್ಕೆ ಬಟ್ಟಲಿನ ವರ್ಣವೇ ಬದಲಾಗುತ್ತದೆ. ಬಿಳಿಚಿಕೊಂಡಿದ್ದ ಆ ಬಟ್ಟಲು ನಲವತ್ತೊಂದು ವರ್ಷಗಳಲ್ಲಿ ಶರತ್ಕಾಲದ ಎಲೆಯಂತೆ ಮಾಗಿತ್ತು. ಪತಿ ಕಾನೆಜೋ ಅವರ ಪುಣ್ಯದಿನಕ್ಕೆ ಬರುತ್ತಿದ್ದ ಗೆಳತಿಯರು, ಬೆಳೆಯುವ ಮೊಮ್ಮಗುವನ್ನು ನೋಡುವಂತೆ, ಅದನ್ನು ತಿರುಗಿಸಿ ತಿರುಗಿಸಿ ಹೊಸ ಬಣ್ಣವನ್ನು ಹುಡುಕುತ್ತಿದ್ದರು.

ಮಗನು ಮದುವೆಯಾದದ್ದು ಫುಕುವೋಕ ನಗರದ ಚಿಜುರುವನ್ನು. ಆಕೆ ಆಸ್ಪತ್ರೆಯ ದಾದಿ. ಪಾತ್ರೆಪಗಡಿಯ ಮೇಲಿನ ಕಲೆಯೆಂದರೆ ರೋಗವೆಂದೇ ತಿಳಿದವಳು. ಕಾನೆಜೋ ಅವರ ಹದಿನೇಳನೆಯ ವರ್ಷದ ಸ್ಮರಣೆಗೆ ಐದು ದಿನವಿರಲು, ಇಸೋನೊ ದೇವಾಲಯದ ಅರ್ಚಕರ ಬಳಿ ಹೋಗಿದ್ದಾಗ, ಮನೆಯನ್ನೆಲ್ಲ ತೊಳೆದ ಹೊಸ ಸೊಸೆ ಬಟ್ಟಲನ್ನೂ ಬೆಳಗಿನಿಂದ ಸಂಜೆಯವರೆಗೆ ಬ್ಲೀಚಿನಲ್ಲಿ ನೆನೆಹಾಕಿದಳು. ಆಮೇಲೆ ಬೇಲಿಯ ಮೇಲಿಂದ ನನ್ನನ್ನು ಕರೆದಳು.

“ನೋಡಿ, ಎಷ್ಟು ಬೆಳ್ಳಗಾಯ್ತು! ಅಮ್ಮ ಎಷ್ಟು ಖುಷಿಪಡ್ತಾರೆ!”

ನನ್ನ ಮುಖವನ್ನು ಕಂಡೇ ಅವಳ ನಗೆ ಆರಿತು. ಅವಳು ತೊಳೆದದ್ದು ನಲವತ್ತೊಂದು ವರ್ಷದ ಚಹಾದ ಬಣ್ಣವೆಂದು ನಾನು ತಿಳಿಸಿದಾಗ, ಬಟ್ಟಲನ್ನು ಮಡಿಲಿಗೆ ಕಟ್ಟಿಕೊಂಡು ತೋಕುಜಿಯ ಮಗನ ಆವಿಗೆಗೆ ಓಡಿದಳು.

“ಮೊದಲಿನ ಹಾಗೆ ಮಾಡಿಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ.”

“ನನ್ನ ಕೈಲಿ ಆಗಲ್ಲಮ್ಮ. ಆ ಬಣ್ಣ ಮಾಡಿದ್ದು ನಮ್ಮಪ್ಪ ಅಲ್ಲ, ನಿಮ್ಮತ್ತೆ.”

ಮನೆಗೆ ಮರಳಿ, ಇನ್ನು ಈ ಮನೆಯಲ್ಲಿ ತನಗೆ ಸ್ಥಳವುಂಟೋ ಇಲ್ಲವೋ ಎಂಬ ಭಯದಿಂದ ಚಿಜುರು ಅತ್ತೆಯ ಮುಂದೆ ಚಾಪೆಗೆ ಹಣೆಯಿಟ್ಟಳು. ಇಸೋನೊ ಬಟ್ಟಲನ್ನು ಬಹಳ ಹೊತ್ತು ತಿರುಗಿಸಿದರು.

“ಉಜ್ಜಿದ್ಯಾ?”

“ಉಜ್ಜಿದೆ, ಅಮ್ಮ. ಚೆನ್ನಾಗಿ.”

ವೃದ್ಧೆ ಎದ್ದು ಅಡುಗೆಮನೆಗೆ ಹೋದರು. ಬ್ಲೀಚು ಬಿಟ್ಟುಹೋಗಲೆಂದು ಮೂರು ದಿನ ಬಟ್ಟಲನ್ನು ನೀರಿನಲ್ಲಿಟ್ಟು, ನೀರನ್ನು ಬದಲಿಸುತ್ತ ಬಂದರು. ಸೊಸೆಯೊಡನೆ ಒಂದು ಮಾತನ್ನೂ ಆಡಲಿಲ್ಲ. ಚಿಜುರು ತನ್ನ ಪೆಟ್ಟಿಗೆಯನ್ನು ಕೆಳಗಿಳಿಸಿ ಬಟ್ಟೆ ಮಡಿಸತೊಡಗಿದ್ದಳೆಂದು ಆಕೆಯೇ ನನಗೆ ಆಮೇಲೆ ಹೇಳಿದಳು. ನಾಲ್ಕನೆಯ ದಿನ ಅಡುಗೆಮನೆಯಿಂದ ಕೂಗು ಕೇಳಿತು.

“ಚಿಜುರು, ಬಾ ಇಲ್ಲಿ! ಗಂಜಿ ತಳ ಹಿಡಿಯುತ್ತೆ, ತಿರುವು.”

ತೆಳ್ಳನೆಯ ಅಕ್ಕಿಗಂಜಿಯಲ್ಲಿ ಬಟ್ಟಲು ಮುಳುಗಿತ್ತು. ಹೊಸ ಬಟ್ಟಲು ಸೋರದಿರಲೆಂದು ನಮ್ಮವರು ಮಾಡುವ ಕ್ರಮವದು. ತಾನು ಮದುವಣಗಿತ್ತಿಯಾಗಿ ಮಾಡಿದ್ದನ್ನು ಇಸೋನೊ ಈಗ ಸೊಸೆಯ ಕೈಯಿಂದ ಮಾಡಿಸಿದರು.

ಪುಣ್ಯದಿನ ಮೊದಲ ಚಹಾವನ್ನು ಕಾನೆಜೋ ಅವರ ಪಟದ ಮುಂದಿಟ್ಟ ಮೇಲೆ ಗೆಳತಿಯರ ಸರದಿ ಬಂತು. ಹರಿತ ನಾಲಗೆಯ ಫುಮಿಯೊ ಬಟ್ಟಲನ್ನು ಕಂಡು ಹುಬ್ಬೇರಿಸಿದರು.

“ಇದೇನ್ರೀ ಇಸೋನೊ, ಬಟ್ಟಲಿಗೆ ಹರೆಯ ಬಂದಿದೆ! ಯಾವ ನೀರಲ್ಲಿ ಮುಳುಗಿಸಿದ್ರಿ? ನನಗೂ ಒಂದು ಮುಳುಗು ಹಾಕಿಸಿ.”

ಚಿಜುರು ತಲೆ ತಗ್ಗಿಸಿದಳು. ಅಷ್ಟರಲ್ಲಿ, ಗಂಜಿ ಕುಡಿದಿದ್ದರೂ ಬಟ್ಟಲು ಸೋರಿ, ತಳದಿಂದ ಚಹಾ ತೊಟ್ಟಿಕ್ಕಿ ಫುಮಿಯೊ ಅವರ ರೇಷ್ಮೆಯ ಮಡಿಲು ನೆನೆಯಿತು.

“ಅಯ್ಯೋ!”

“ಎಳೆಗೂಸು ಕಣ್ರೀ, ಮಡಿಲಲ್ಲಿ ಕೂರಿಸ್ಕೊಂಡ್ರೆ ಇನ್ನೇನಾಗುತ್ತೆ?” ಎಂದರು ಇಸೋನೊ.

ಮನೆಯೆಲ್ಲ ನಕ್ಕಿತು. ನಗೆ ನಿಂತ ಮೇಲೆ ಅವರು ಬಟ್ಟಲನ್ನೊರಸಿ ಸೊಸೆಯ ಮುಂದಿಟ್ಟರು.

“ನನ್ನ ನಲವತ್ತೊಂದು ವರ್ಷ ನಾನು ಕುಡಿದಾಯ್ತು. ಅದನ್ನ ಯಾರೂ ತೊಳೆಯೋಕಾಗಲ್ಲ. ಇನ್ನು ಇದು ನಿಂದು.”

ಚಿಜುರು ಬಟ್ಟಲನ್ನೆತ್ತಿದಳು. ಅವಳ ಹೆಬ್ಬೆರಳು ತೋಕುಜಿಯ ತಗ್ಗಿನಲ್ಲಿ ತಾನಾಗಿ ಕುಳಿತಿತು.

ಇದು ನಡೆದು ಆರು ವರ್ಷವಾಯಿತು. ಬಟ್ಟಲು ಈಗ ಸೋರುವುದಿಲ್ಲ. ಆಸ್ಪತ್ರೆಯಿಂದ ಬಂದ ಚಿಜುರು ದಿನವೂ ಅದನ್ನೆತ್ತಿ, ಅತ್ತೆಯದೇ ಮಾತಿನಿಂದ ನಮಸ್ಕರಿಸಿ ಕುಡಿಯುತ್ತಾಳೆ. ನಿನ್ನೆ ನಾನು ಹೋದಾಗ ಅಂಚಿನ ಬಳಿ ಒಂದು ಕಂದುಗೆರೆ ಮೂಡಿತ್ತು. ಇಸೋನೊ ಕನ್ನಡಕವೇರಿಸಿ ನೋಡಿದರು.

“ಬಣ್ಣ ಅಲ್ಲ ಇದು, ಕೊಳೆ. ತಾ ಇಲ್ಲಿ, ಉಜ್ಜಿಬಿಡ್ತೀನಿ.”

“ಮುಟ್ಟಬೇಡಿ, ಅಮ್ಮ!” ಎಂದು ಚಿಜುರು ಬಟ್ಟಲನ್ನು ಎದೆಗವಚಿಕೊಂಡಳು.