ವಶೀಲಿಯ ಅಧ್ಯಕ್ಷ

ನಗರದ ಇನ್ನೊಂದು ತುದಿಯ ಒನ್-ನಾರ್ತ್ ಕಡೆ ಮನೆ ಶಿಫ್ಟ್ ಮಾಡಲೆಂದು ಡ್ರಾಯರ್ ಖಾಲಿ ಮಾಡುತ್ತಿದ್ದಾಗ ವಿಭೂತಿಯ ವಾಸನೆ ಬಂತು. ನಮ್ಮಲ್ಲಿ ವಿಭೂತಿ ಹಚ್ಚುವವರಿಲ್ಲ. ತಳದಲ್ಲಿ ಒಂದು ನೋಟ್‌ಬುಕ್, ನೀಲಿ ರಟ್ಟಿನ ಮೇಲೆ ಬೆರಳಿನ ಬಿಳಿ ಗುರುತು… ಎದುರುಮನೆ ಅಂಕಲ್‌ದು.

ಅವರು ಗದಗದ ಕಡೆಯವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಪರದೇಶದ ಈ ಟ್ಯಾಂಪಿನೀಸ್‌ನಲ್ಲಿ ಮಗಳ ಜೊತೆಗಿದ್ದರು. ಸಂಜೆ ನಮ್ಮ ಬ್ಲಾಕಿನ ಕೆಳಗೆ ಖಾಲಿ ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಕೂತು ಲೈಬ್ರರಿ ಪುಸ್ತಕ ಓದುತ್ತ, ಇಂಗ್ಲಿಷಿನಲ್ಲಿ ಏನೋ ಬರೆಯುತ್ತಿದ್ದರು. ಯಾರೋ ಹಳೆಯ ಅಮೆರಿಕನ್ ಅಧ್ಯಕ್ಷನ ಬಗ್ಗೆಯಂತೆ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳೂ ಆ ಹೆಸರು ಹೇಳಿದ್ದು ನೆನಪಿಲ್ಲ.

"ವಶೀಲಿ ಮ್ಯಾಲೆ ಬಂದಾಂವ, ತಂಗಿ. ಮ್ಯಾಲಿನಾಂವ ಸತ್ತ, ಉಪಾಧ್ಯಕ್ಷ ಇದ್ದ ಇವಂಗ ಕುರ್ಚಿ ಸಿಕ್ತು. ಮಂದಿ ನಕ್ಕರು. ಆದ್ರ ಪರೀಕ್ಷಾ ಬರದು ನೌಕರಿ ತಗೋರಿ ಅನ್ನೋ ಕಾಯ್ದೆಕ್ಕ ಸಹಿ ಹಾಕಿದಾಂವ ಇವನ!"

"ಅಂಕಲ್, ಈಗ ಅವರ ಪರ ವಶೀಲಿ ಮಾಡ್ತಿರೋರು ನೀವು!" ಎಂದೆ. ಭುಜ ಕುಲುಕುವಂತೆ ನಕ್ಕರು.

ಒಂದು ದಿನ ನೋಟ್‌ಬುಕ್ ಕೊಟ್ಟು, "ನಿಮ್ದು ಕಾನ್ವೆಂಟ್ ಇಂಗ್ಲಿಷು. ತಿದ್ದಿ ಕೊಡ್ರಿ. ಕಡೀ ಪುಟ ಮಾತ್ರ ಮರೀಬ್ಯಾಡ್ರಿ" ಎಂದರು.

ನಾನು ಮೊದಲ ಪುಟ ತಿದ್ದಿ ಡ್ರಾಯರಿನಲ್ಲಿಟ್ಟೆ. ವಾರದ ನಂತರ ಲಿಫ್ಟಿನ ಮುಂದೆ, "ಕಡೀತನಕ ಓದಿದ್ರೇನು?" ಎಂದು ಕೇಳಿದರು. ಇಲ್ಲವೆನ್ನಲು ನಾಚಿಕೆಯಾಗಿ, "ಓದಿದೆ ಅಂಕಲ್. ಆದ್ರೂ ವಶೀಲಿಯಿಂದ ಬಂದವರು ಬಂದವರೇ ಅಲ್ವಾ? ಆಮೇಲೆ ಏನು ಮಾಡಿದ್ರೇನು!" ಎಂದು ತಮಾಷೆ ಮಾಡಿದೆ.

ಅವರು ನಗಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು… ಬಹಳ ಹೊತ್ತು ಒರೆಸಿದರು. ಲಿಫ್ಟ್ ಬಂದರೂ ಹತ್ತಲಿಲ್ಲ. ಮತ್ತೆಂದೂ ನೋಟ್‌ಬುಕ್ ಕೇಳಲಿಲ್ಲ. ಎರಡೇ ತಿಂಗಳಲ್ಲಿ ತೀರಿಕೊಂಡರು. ಮಗಳ ಸಂಸಾರವೂ ಬೇರೆ ಕಡೆ ಹೋಯಿತು.

ಇವತ್ತು ಕಡೆಯ ಪುಟ ತೆರೆದೆ. ಅದೊಂದೇ ಕನ್ನಡದಲ್ಲಿತ್ತು.

"ನನ್ನದೂ ವಶೀಲಿಯ ನೌಕರಿ. ನನಗಿಂತ ಹೆಚ್ಚು ಅಂಕ ತೆಗೆದ ಒಬ್ಬ ಹೊರಗೇ ಉಳಿದ. ಆಮೇಲೆ ನಿವೃತ್ತಿಯವರೆಗೂ ಯಾರ ಶಿಫಾರಸಿನ ಚೀಟಿಯನ್ನೂ ಸಾಹೇಬರ ಮೇಜಿಗೆ ಹೋಗಲು ಬಿಡಲಿಲ್ಲ. ಅಷ್ಟು ಸಾಕೇ, ತಂಗಿ? ಈ ಪುಟ ತಿದ್ದಬೇಡಿ. ಉತ್ತರ ಹೇಳಿ."

ಉತ್ತರವನ್ನು ನಾನು ಲಿಫ್ಟಿನ ಮುಂದೆಯೇ ಹೇಳಿಬಿಟ್ಟಿದ್ದೆ.

"ಅಮ್ಮಾ, ಮೂವರ್ಸ್ ಬಂದ್ರು ಲಾ! ಇನ್ನೂ ಪ್ಯಾಕ್ ಆಗಿಲ್ವಾ?" ಮಗಳು ಬಾಗಿಲಿನಿಂದ ಇಲ್ಲಿನವರ ಧಾಟಿಯಲ್ಲಿ ಕೂಗಿದಳು. ಪೆನ್ಸಿಲ್ ಹುಡುಕಿ, ಅವರ ಪ್ರಶ್ನೆಯ ಕೆಳಗೆ 'ಸಾಕು ಅಂಕಲ್' ಎಂದು ಬರೆದೆ. ಎದುರು ಬಾಗಿಲ ಬಳಿ ಈಗ ಬೇರೆ ಯಾರದೋ ಚಪ್ಪಲಿಗಳಿವೆ…